ನೀಲಿ ದಾರದಿಂದ ಮುಂದೆ

ಬಾಚಣಿಗೆ ತರಬೇಡ ಅಂದಿದ್ದರು ಮಾವ,
ಹನ್ನೊಂದು ವರ್ಷದ ಹಿಂದೆ, ನಾನು ಈ ಮನೆಗೆ ಹೊಸಬಳು.
ನಕ್ಕಿದ್ದೆ. ಕೂದಲು ಅಂದಮೇಲೆ ಬಾಚಬೇಡವೇ?
ಹೊರ್ತೊಬಾಜ್ ಬಯಲಿನ ಈ ಜಾತಿಗೆ ಬೇಡ.
ತಾನೇ ಹೆಣೆದುಕೊಂಡು ಹಗ್ಗವಾಗಿ
ನೆಲದವರೆಗೆ ಇಳಿಯುತ್ತದೆ ಮೈ.
ತೋಳ ಬಾಯಿ ಹಾಕಿದರೆ ಹಲ್ಲಿಗೆ ಬರೀ ಹಗ್ಗ.
ಪಪ್ಲಾನ್ ಅಂತ ಹೆಸರಿಟ್ಟವರೂ ಅವರೇ: ಕೌದಿ.

ಬಾಚಬಾರದು, ಸೀಳಬೇಕು.
ಸಿಕ್ಕು ಬಿಡಿಸುವುದಲ್ಲ ಕೆಲಸ,
ಸಿಕ್ಕನ್ನು ಸಿಕ್ಕಾಗಿಯೇ ಇರಗೊಟ್ಟು
ಪಕ್ಕದ ಸಿಕ್ಕಿನಿಂದ ಬೇರೆ ಇಡುವುದು.
ಎರಡು ಜಡೆ ಬುಡದಲ್ಲಿ ಒಂದಾದರೆ
ಚರ್ಮಕ್ಕೆ ಗಾಳಿ ಇಲ್ಲ, ಮೊದಲು ಕೆಂಪು, ಆಮೇಲೆ ರಸಿಗೆ,
ಆಮೇಲೆ ನಾಯಿ ತನ್ನನ್ನೇ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಗೊತ್ತಿದ್ದುದು ನನ್ನ ಕಿವಿಗೆ.
ಕೈ ಅವರದಾಗಿತ್ತು.
ಮೇ ತಿಂಗಳಲ್ಲಿ ಆ ಕೈಯೇ ಬಿತ್ತು,
ಬಲಗೈ, ಬಲಗಾಲು, ಮಾತಿನ ಅರ್ಧ.
ಬೆನೆದೆಕ್ ಮಾವ ಈಗ ಆಸ್ಪತ್ರೆಯ ಕಿಟಕಿ ಮಂಚದಲ್ಲಿ,
ಪಪ್ಲಾನ್ ಇಲ್ಲಿ ಕುರಿರೊಪ್ಪದ ಬಾಗಿಲಲ್ಲಿ
ಜೂನ್ ಪೂರ್ತಿ ನೆಂದು, ನಾರುತ್ತಾ.

ಮುಗ್ಗಲು. ಹಸಿ ಗೋಣಿಚೀಲವನ್ನು
ನೆಲಮಾಳಿಗೆಯಲ್ಲಿ ಮರೆತ ವಾಸನೆ.
ಅಂಬ್ರುಶ್ ಉಣ್ಣೆ ಕತ್ತರಿ ತಂದ.
"ಬೋಳಿಸಿಬಿಡೋಣ, ಗಿಜೆಲ್ಲಾ, ಅದಕ್ಕೂ ತಂಪು."
ನಾಯಿ ಕತ್ತರಿಯನ್ನು ನೋಡಲಿಲ್ಲ,
ನನ್ನ ಗಂಡನನ್ನು ನೋಡಿತು.
ಕತ್ತರಿ ವಾಪಸ್ ಮೊಳೆಗೆ.

ಹಾಗಾಗಿ ನಾನು ಕೂತೆ.
ಮೂರು ದಿನ ಬಿಸಿಲೆಂದು ರೇಡಿಯೋ ಹೇಳಿದ ಬೆಳಿಗ್ಗೆ,
ಕತ್ತಿನಿಂದ ಶುರು. ಎರಡು ಹೆಬ್ಬೆರಳು ಬುಡಕ್ಕೆ,
ರೊಟ್ಟಿ ಮುರಿದಂತೆ ಒಂದು ಎಳೆತ.
ಬಂತು. ಇನ್ನೊಂದು. ಬರಲಿಲ್ಲ. ಗುರ್ ಅಂದಿತು.
ಆಯ್ತು ಮಾರಾಯ, ಮೆಲ್ಲಗೆ.
ಮುಳ್ಳುಕಾಯಿ, ಒಣ ಹಿಕ್ಕೆ, ಬಟಾಣಿಯಷ್ಟು ಊದಿದ ಎರಡು ಉಣ್ಣಿ,
ಕೊಕ್ಕರೆ ಗರಿಯ ತುಂಡು (ಅದು ಹೇಗೆ ಬಂತೋ),
ತೊಡೆಯ ಸಂದಿಯಲ್ಲಿ ಹುಲ್ಲಿನ ಮೊನೆ ನಾಟಿ
ಕೀವು ತುಂಬಿದ ಒಂದು ಸಣ್ಣ ಕಣ್ಣು.
ಉಪ್ಪುನೀರಲ್ಲಿ ತೊಳೆದೆ.
ನೆಕ್ಕಿತು. ಗಾಯವನ್ನಲ್ಲ, ನನ್ನ ಮಣಿಕಟ್ಟನ್ನು.

ಎಡಪಕ್ಕೆ, ಮೂರನೇ ಸಾಲು:
ಒಂದು ಜಡೆಯ ಬುಡಕ್ಕೆ ನೀಲಿ ದಾರ,
ಚೀಲ ಹೊಲಿಯುವ ದಾರ, ಎರಡು ಗಂಟು.
ತಿಳಿಯಲು ಅರೆಗಳಿಗೆ ಹಿಡಿಯಿತು.
ಇಲ್ಲಿಯವರೆಗೆ ಮುಗಿಸಿ ಎದ್ದಿದ್ದರು,
ಕಾಫಿಗೋ, ಕುರಿ ಅರಚಿತೆಂದೋ,
ನಾಳೆ ಇಲ್ಲಿಂದ ಅಂತ.
ಗಂಟು ಎರಡೂ ಬಲಗೈಯವು.

ಬಿಚ್ಚಲಿಲ್ಲ. ಮುಂದಿನ ಜಡೆಗೆ ಹೋದೆ.

ಮಧ್ಯಾಹ್ನ ಏತದ ಬಾವಿಯ ಬಳಿ, ಕುರಿ ನೀರು ಕುಡಿಯುವ ತೊಟ್ಟಿ.
ಈ ಕೂದಲು ಮೊದಲು ನೀರನ್ನು ಒಪ್ಪುವುದಿಲ್ಲ,
ಒಪ್ಪಿದ ಮೇಲೆ ಬಿಡುವುದಿಲ್ಲ.
ಸೋಪು ಕರಗಿಸಿಯೇ ಹಾಕಬೇಕು,
ಉಳಿದ ನೊರೆಯೆಲ್ಲ ನಾಳೆಯ ತುರಿಕೆ.
ಮೊದಲ ನೀರು ಕೆಸರು, ಮೂರನೆಯದು ಗಂಜಿತಿಳಿ,
ಆರನೆಯದು ನೀರು.
ಹಿಂಡುವಾಗ ತಿರುಚಬಾರದು ಕಂಬಳಿಯಂತೆ;
ಹಾಲು ಕರೆದಂತೆ, ಮೇಲಿಂದ ಕೆಳಗೆ, ಒಂದೊಂದೇ.
ಎಷ್ಟಿವೆ? ಎಣಿಸಿದವರು ಮಾವ ಒಬ್ಬರೇ, ಹೇಳಿಲ್ಲ.

ಒಣಗಲು ಎರಡು ಹಗಲು, ಎರಡು ರಾತ್ರಿ.
ಹುಲ್ಲು ಹಾಸಿದೆ, ಕಾಳು ತೂರುವ ಫ್ಯಾನು ಇಟ್ಟೆ,
ಹೊರಳಬೇಡ ಎಂದು ಕೈಮುಗಿದೆ.
ಹೊರಳಿತು, ನೇರ ಬೂದಿಗುಂಡಿಯಲ್ಲಿ.
ಅತ್ತೆನೋ ನಕ್ಕೆನೋ, ಅಂಬ್ರುಶ್‌ನನ್ನೇ ಕೇಳಬೇಕು.
ಮತ್ತೆ ತೊಟ್ಟಿ. ಮತ್ತೆ ಗಂಜಿತಿಳಿ.

ಭಾನುವಾರ ಆಸ್ಪತ್ರೆಗೆ ಪ್ಲಮ್ ಹಣ್ಣು ಒಯ್ದೆ.
ಹಣ್ಣಿನ ಕಡೆ ನೋಡದೆ ಮಾವ
ಎಡಗೈಯಿಂದ ನನ್ನ ಕೈ ಎಳೆದು ಮೂಗಿಗೆ ಹಿಡಿದರು,
ಬೆರಳ ಸಂದು ಸಂದು,
ಸಂತೆಯಲ್ಲಿ ಉಣ್ಣೆ ಮೂಸುವ ಹಾಗೆ.
"ಒಣಗಿದೆ."
ನಾಲ್ಕು ಅಕ್ಷರಕ್ಕೆ ನಾಲ್ಕು ಉಸಿರು.
ದಾರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಬಹಳ ಹೊತ್ತಾದ ಮೇಲೆ,
"ಹೊಟ್ಟೆ ಕೆಳಗೆ?"

ಹೊಟ್ಟೆ ಕೆಳಗೆ ಇನ್ನೂ ತೇವವಿತ್ತು.
ಐದೂವರೆಯ ಬಸ್ಸಿಗೆ ಕಾಯದೆ
ನಾಲ್ಕರದಕ್ಕೇ ಹತ್ತಿದೆ.