ನಲವತ್ತೇಳನೆಯ ಗರಿ

ಅಪ್ಪ ಬರೆಯುವಾಗ ಏನೂ ಕಾಣುವುದಿಲ್ಲ.
ಉಕ್ಕಿನ ಕಂಟ ಓಲೆಯ ಮೇಲೆ ಕಿರುಗುಡುತ್ತ
ಹೋಗುತ್ತದೆ, ಬರುತ್ತದೆ. ಗರಿ ಮಾತ್ರ ಬೋಳು.
ಅಕ್ಷರ ಕಾಣಿಸುವುದು ನನ್ನ ಕೆಲಸ:
ರಾಳದೆಣ್ಣೆಯಲ್ಲಿ ಇದ್ದಿಲಮಸಿ ಕಲಸಿ
ಬಟ್ಟೆಯುಂಡೆಯಿಂದ ತಿಕ್ಕಿ, ಪೂರಾ ಕಪ್ಪು ಮಾಡಿ,
ಆಮೇಲೆ ರಾಗಿಹಿಟ್ಟು ಉದುರಿಸಿ ಒರೆಸುವುದು.
ಮೇಲಿನದನ್ನೆಲ್ಲ ಹಿಟ್ಟು ಹೊತ್ತುಕೊಂಡು ಹೋಗುತ್ತದೆ,
ಗಾಯದೊಳಗೆ ಇಳಿದದ್ದಷ್ಟೇ ಉಳಿಯುತ್ತದೆ.

ನಮ್ಮ ಸಿಂಹಳದ ಅಕ್ಷರ ಯಾಕಿಷ್ಟು ದುಂಡಗೆ
ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ.
ನೆಟ್ಟಗೆ ಎಳೆದರೆ ಗರಿ ಸೀಳುತ್ತದೆ ಟಿಕಿರಿ,
ನರದ ಗುಂಟ. ನೋಯಿಸದೆ ತಿರುಗಬೇಕು.
ಮಹಾ ಓಯ ಹೊಳೆ ಬಂಡೆಯ ಹತ್ತಿರ
ತಿರುಗುವುದನ್ನು ತೋರಿಸಿದ್ದರು.

ಈ ಸಲ ಗುಹಾವಿಹಾರದ ಭಿಕ್ಷು ಧಮ್ಮಾಲೋಕರಿಗೆ
ಉಪದೇಶಗಳ ಒಂದು ಕಟ್ಟು. ಕೊನೆಯದು ತೆಪ್ಪದ ಕಥೆ.
ಈ ದಡದಲ್ಲಿ ಭಯ, ಆ ದಡದಲ್ಲಿ ಇಲ್ಲ,
ದೋಣಿಯೂ ಇಲ್ಲ, ಸೇತುವೆಯೂ ಇಲ್ಲ.
ಹುಲ್ಲು, ಕಡ್ಡಿ, ಎಲೆ, ಸಿಕ್ಕಿದ್ದನ್ನು ಕಟ್ಟಿಕೊಂಡು
ಕೈಕಾಲು ಬಡಿದು ಒಬ್ಬ ದಾಟಿದ.
ದಾಟಿದವನು ಆ ತೆಪ್ಪವನ್ನು ತಲೆಮೇಲೆ ಹೊತ್ತು
ಊರೂರು ತಿರುಗಬೇಕೆ?
ಪ್ರಶ್ನೆ ನಲವತ್ತಾರನೆಯ ಗರಿಯಲ್ಲಿ.
ಉತ್ತರ ನಲವತ್ತೇಳರಲ್ಲಿ.

ನಲವತ್ತೇಳನ್ನು ತಿಕ್ಕಿದೆ, ಒರೆಸಿದೆ.
ಏನೂ ಇಲ್ಲ.
ಮಸಿ ತೆಳುವಾಯಿತೇನೋ ಎಂದು ಮತ್ತೆ ತಿಕ್ಕಿದೆ.
ಹಿಟ್ಟು ಕೊಟ್ಟ ಅಂಗಡಿಯ ಪೊಡಿನೋನಾಳನ್ನು ಬೈದೆ.
ದೀಪಕ್ಕೆ ಓರೆಯಾಗಿ ಹಿಡಿದು ಉಗುರು ಹಾಯಿಸಿದರೆ
ಅಲ್ಲಲ್ಲಿ ಸಣ್ಣ ತಗ್ಗು, ಇರುವೆ ನಡೆದು ಹೋದ ಹಾಗೆ.
ಗರಿಗೆ ಗಾಯ ಮಾಡುವಷ್ಟು ಬಲ
ಅಪ್ಪನ ಕೈಯಲ್ಲಿ ಉಳಿದಿರಲಿಲ್ಲ.
ಕಣ್ಣು ಹೋಗಿ ಏಳು ವರ್ಷ;
ಬೆರಳನ್ನು ನಂಬಿಕೊಂಡಿದ್ದೆವು.

'ಹೇಗೆ ಎದ್ದಿದೆ?' ಎಂದರು ಜಗಲಿಯಿಂದ.

ಅವತ್ತು ಪೋಯ ಹುಣ್ಣಿಮೆ.
ಸುಳ್ಳಾಡೆನೆಂದು ಬೆಳಿಗ್ಗೆಯಷ್ಟೇ ವಿಹಾರದಲ್ಲಿ
ಶೀಲ ತೆಗೆದುಕೊಂಡು ಬಂದಿದ್ದೆ.
ಉಟ್ಟಿದ್ದ ಬಿಳಿಸೀರೆ ಇನ್ನೂ ಹಗ್ಗದ ಮೇಲಿತ್ತು.
'ಕೊನೆಯ ಗರಿ ಇನ್ನೊಮ್ಮೆ ಹೇಳಿ' ಎಂದೆ.
ಅದು ಉತ್ತರವಲ್ಲ, ಸುಳ್ಳೂ ಅಲ್ಲ,
ಎರಡರ ನಡುವೆ ಕೈಕಾಲು ಬಡಿಯುತ್ತಿದ್ದೆ.

ಕಣ್ಣು ಮುಚ್ಚಿಕೊಂಡು ಅವರು ಹೇಳಿದರು
(ಮುಚ್ಚದಿದ್ದರೂ ಅಷ್ಟೇ).
ನಾನು ಮೊದಲ ಸಲ ಕಂಟ ಹಿಡಿದೆ.
ಮೂವತ್ತು ವರ್ಷ ಅಕ್ಷರಕ್ಕೆ ಮಸಿ ಹಚ್ಚಿದವಳಿಗೆ
ಅಕ್ಷರದೊಳಗಿನ ದಾರಿ ಗೊತ್ತಿರಲಿಲ್ಲ.
ಎಲ್ಲಿ ಹತ್ತಬೇಕು, ಎಲ್ಲಿ ಸುತ್ತಿ ಇಳಿಯಬೇಕು,
ಯಾವ ಮೂಲೆಯಲ್ಲಿ ಉಸಿರು ಹಿಡಿಯಬೇಕು.
ಒಂದು ಕಡೆ ಅವಸರದಲ್ಲಿ ನೆಟ್ಟಗೆ ಎಳೆದೆ.
ಚರ್ರ್ ಎಂದಿತು.

ಜಗಲಿಯಲ್ಲಿ ಮಾತು ನಿಂತಿತು.
'ಯಾವ ಪದದ ಹತ್ತಿರ?'
'ಬಿಡಬೇಕು ಅನ್ನುವಲ್ಲಿ.'
'ತಾ ಇಲ್ಲಿ.'

ಹೆಬ್ಬೆರಳು ಸಾಲಿನ ಮೇಲೆ ನಿಧಾನ ನಡೆಯಿತು,
ಸೀಳಿನ ಅಂಚಿಗೆ ಬಂದು ತಡೆಯಿತು.
'ಇದು ನನ್ನ ಕೈಯಲ್ಲ.'
'ಅಲ್ಲ.'
'ನನ್ನದು?'
'ಏಳಲಿಲ್ಲ ಅಪ್ಪ.'

ಹಲಸಿನ ಮರದಿಂದ ಏನೋ ಬಿತ್ತು. ನಾಯಿ ಬೊಗಳಿ ಸುಮ್ಮನಾಯಿತು.
'ಸೊನ್ನೆ ಇಷ್ಟು ದೊಡ್ಡದಿರಬಾರದು' ಎಂದರು,
ಗರಿಯನ್ನು ನನ್ನ ಕಡೆ ಚಾಚುತ್ತ.
ಕಂಟ ಎಲ್ಲಿ ಎಂದು ಕೇಳಲಿಲ್ಲ.

ರಾತ್ರಿ ಉಳಿದ ರಾಗಿಹಿಟ್ಟಿಗೆ
ತೆಂಗಿನತುರಿ ಹಾಕಿ ರೊಟ್ಟಿ ತಟ್ಟಿದೆ.
ಅಪ್ಪ ಒಂದು ತುಂಡು ಬಾಯಿಗಿಟ್ಟು ಮೂಸಿದರು.
'ಮಸಿ ವಾಸನೆ.'
'ಒಂದು ಚಿಟಿಕೆ ಬೆರೆತಿರಬೇಕು.'
ಇನ್ನೊಂದು ಹಾಕು ಎಂದು
ತಟ್ಟೆಯನ್ನು ನಾನಿಲ್ಲದ ಕಡೆಗೆ ಚಾಚಿದರು.
ನಾನು ಆ ಕಡೆಗೆ ಹೋದೆ.