ಲಾಟ್ ನಂಬರ್ ಇನ್ನೂರ ಹದಿನಾಲ್ಕು

ಶಿಡ್ಲಘಟ್ಟದ ಗೂಡು ಮಾರುಕಟ್ಟೆ, ಹನ್ನೊಂದೂ ಕಾಲು.
ಹರಾಜು ಮುಗಿದಿದೆ, ತೂಕವೂ ಆಗಿದೆ.
ಆಗದೇ ಇರುವುದು ಚೀಟಿ.

ಪ್ರಿಂಟರ್ ಎದ್ದೇ ಇದೆ. ಹಸಿರು ದೀಪ,
ಹೊಟ್ಟೆ ತುಂಬ ಕಾಗದ, ಮೊನ್ನೆ ತಾನೇ ತುಂಬಿಸಿದ ಮಸಿ.
ನಾನು ಇಲ್ಲಿಂದ ಕಳಿಸುತ್ತೇನೆ,
ಅದು ಅಲ್ಲಿ, ಎಂಟಡಿ ದೂರದಲ್ಲಿ,
ಮದುವೆಮನೆಗೆ ಬಂದ ಮುನಿಸಿನ ದಾಯಾದಿಯ ಹಾಗೆ
ಎದುರಿಗೇ ಕೂತು ಮುಖ ಕೊಡುವುದಿಲ್ಲ.

ಕಿಟಕಿಯಾಚೆ ಪಿಳ್ಳಪ್ಪ.
ಅಬ್ಲೂಡಿನಿಂದ ಐದೂವರೆಗೆ ಹೊರಟ ಟೆಂಪೋದಲ್ಲಿ
ಗೂಡು ನಜ್ಜಾದೀತೆಂದು
ಮೂಟೆಗೆ ಒರಗದೆ ನಿಂತೇ ಬಂದವನು.
"ಒಚ್ಚಿಂದಾ ಅಮ್ಮಾ?"
ಇಲ್ಲ, ಇನ್ನೂ ಬಂದಿಲ್ಲ.

ಸಪೋರ್ಟಿನವನು ಫೋನಿನಲ್ಲಿ:
ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ.
ಮಾಡಿದೆ. ಹತ್ತಲ್ಲ, ಮೂವತ್ತು ಎಣಿಸಿದೆ.
ಅವನ ಹಿಂದೆ ಯಾರೋ ಎರಡು ಸೆಟ್ ದೋಸೆ ಹೇಳುತ್ತಿದ್ದರು.
ವೈರು ಕಿತ್ತು ಸಿಕ್ಕಿಸಿ. ಸಿಕ್ಕಿಸಿದೆ.
ಪಿಂಗ್ ಮಾಡಿ.
ಮಾಡಿದೆ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು,
ನಾಲ್ಕರಲ್ಲೂ ಒಂದೇ ಮಾತು:
ಕಾದೆವು, ಯಾರೂ ಓಗೊಡಲಿಲ್ಲ.

ಇಷ್ಟರಲ್ಲಿ ಪಿಳ್ಳಪ್ಪನ ಚೀಟಿಗೆ ಗುಂಡಿ ಒತ್ತಿದ್ದು
ಎಷ್ಟು ಸಲವೋ ಲೆಕ್ಕವಿಲ್ಲ.
ಕೇಳಿಸದವರಿಗೆ ಇನ್ನೂ ಜೋರಾಗಿ ಕೂಗುತ್ತೇವಲ್ಲ,
ಹಾಗೆ.

ರೀಲರ್ ಬಾಬಾಜಾನ್ ಸಾಬರು ಕಟ್ಟೆಯ ಮೇಲಿಂದ:
"ಬೇಟಿ, ಎಳೆ ಸಿಕ್ಕಿಲ್ಲ ಅಂತ ಗೂಡಿಗೆ ಬೈಬಾರ್ದು.
ಬಿಸಿನೀರಲ್ಲಿ ಉರುಳಿಸ್ತಾ ಇರ್ಬೇಕು.
ಮೇಲಿನ ಸಿಕ್ಕು ಹೋದ್ರೆ ತುದಿ ತಾನೇ ಬರುತ್ತೆ."
ಹೇಳುವುದು ಸುಲಭ. ಅವರ ಮನೆಯಲ್ಲಿ
ಬಿಸಿನೀರಿಗೆ ಬೆರಳು ಅದ್ದುವುದು ಅವರ ಹೆಂಡತಿ.

ಕೊನೆಗೆ ಪ್ರಿಂಟರಿನದೇ ಗುಂಡಿಯನ್ನು
ಐದು ಸೆಕೆಂಡು ಅದುಮಿ ಹಿಡಿದೆ.
ಗೊರಗೊರ. ಒಂದು ಹಾಳೆ ಬಂತು.
ಓಹೋ, ತನ್ನ ವಿಷಯವಾದರೆ ಎಷ್ಟು ಮಾತು!
ಹೆಸರು, ಕುಲ, ಹುಟ್ಟಿದಾಗಿನಿಂದ ಮುದ್ರಿಸಿದ ಪುಟಗಳ ಲೆಕ್ಕ,
ಕೆಳಗೆ ಮೂಲೆಯಲ್ಲಿ
ಇರುವೆ ಸಾಲಿನಷ್ಟು ಸಣ್ಣಗೆ ವಿಳಾಸ.
ಕೊನೆಯಲ್ಲಿ ನಲವತ್ತೇಳು.

ಬೆಳಗ್ಗಿನಿಂದ ನಾನು ಬಾಗಿಲು ತಟ್ಟುತ್ತಿದ್ದದ್ದು
ಇಪ್ಪತ್ಮೂರರದು.

ರಾತ್ರಿ ಕರೆಂಟು ಹೋಗಿ ಬಂದಿದೆ.
ಎಚ್ಚರಾದ ರೌಟರ್ ನಿದ್ದೆಗಣ್ಣಲ್ಲಿ
ಕೈಗೆ ಸಿಕ್ಕ ಮನೆ ನಂಬರು ಕೊಟ್ಟುಬಿಟ್ಟಿದೆ.
ಮುನಿಸೂ ಅಲ್ಲ, ಕಿವುಡೂ ಅಲ್ಲ.
ನಾನು ಕರೆದದ್ದು ಇದನ್ನಲ್ಲ, ಅಷ್ಟೇ.

ಬರೆದಿಡೋಣ ಅಂತ ಪ್ರಿಂಟರನ್ನು ತಿರುಗಿಸಿದರೆ
ಬೆನ್ನ ಮೇಲೆ ಆಗಲೇ ಒಂದು ಚೀಟಿ,
ಅಂಟುಪಟ್ಟಿ ಹಳದಿಗಟ್ಟಿದೆ.
ಹನ್ನೊಂದು, ಹೊಡೆದು ಹಾಕಿದೆ.
ಅರವತ್ತೆರಡು, ಹೊಡೆದು ಹಾಕಿದೆ.
ಮೂವತ್ತು, ಅದೂ.
ಇಪ್ಪತ್ಮೂರು.
ನಾಲ್ಕು ಕೈಬರಹ, ನಾಲ್ಕು ಬಣ್ಣದ ಪೆನ್ನು.
ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತವರು.
ಕಾಂಟ್ರ್ಯಾಕ್ಟು ಮುಗಿದು ಎಲ್ಲೆಲ್ಲಿ ಹೋದರೋ.
ಒಬ್ಬಳು, ಅಥವಾ ಒಬ್ಬ,
ಅಂಚಿನಲ್ಲಿ ಬರೆದಿದ್ದಾರೆ: ಮೊದಲು ಇಲ್ಲಿ ನೋಡಿ.

ನಂಬರನ್ನು ಕಾಯಂ ಮಾಡಬಹುದಂತೆ.
ರೌಟರಿನ ಪಾಸ್‌ವರ್ಡ್ ಗೊತ್ತಿದ್ದ ಸಾಹೇಬರಿಗೆ
ಮಾಲೂರಿಗೆ ವರ್ಗವಾಗಿದೆ.
ಈ ಕಚೇರಿಯಲ್ಲಿ ಕಾಯಂ ಆಗುವುದು ನಂಬರಿಗೂ ಕಷ್ಟ.
ಇಪ್ಪತ್ಮೂರನ್ನು ಹೊಡೆದೆ,
ಅಂಚಿಗೆ ಒತ್ತರಿಸಿ ನಲವತ್ತೇಳು ಬರೆದೆ,
ಕಂಪ್ಯೂಟರಿಗೂ ತಿಳಿಸಿದೆ.

ಆಗ ಬಂತು ನೋಡಿ, ಬೆಳಗ್ಗಿನಿಂದ
ಗಂಟಲಲ್ಲಿ ಕಟ್ಟಿಕೊಂಡಿದ್ದೆಲ್ಲ:
ಲಾಟ್ ಇನ್ನೂರ ಹದಿನಾಲ್ಕು, ಪಿಳ್ಳಪ್ಪ ಬಿನ್ ದ್ಯಾವಪ್ಪ,
ನಲವತ್ತೆಂಟು ಕೆಜಿ ಆರುನೂರು ಗ್ರಾಂ.
ಲಾಟ್ ಇನ್ನೂರ ಹದಿನಾಲ್ಕು, ಪಿಳ್ಳಪ್ಪ ಬಿನ್ ದ್ಯಾವಪ್ಪ.
ಲಾಟ್ ಇನ್ನೂರ ಹದಿನಾಲ್ಕು.
ಹದಿನೇಳು ಸಲ.

ಪಿಳ್ಳಪ್ಪ ಒಂದನ್ನು ಮಡಿಸಿ ಅಂಗಿ ಜೇಬಿಗಿಟ್ಟ.
ಉಳಿದ ಹದಿನಾರನ್ನು ಬೆರಳಿಗೆ ಎಂಜಲು ಹಚ್ಚಿ ಎಣಿಸಿದ.
"ಇವಕ್ಕೂ ದುಡ್ಡು ಕೊಡ್ತೀರೇನಮ್ಮಾ?"

ಕಟ್ಟೆಯ ಮೇಲೆ ನಗು.
ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದೆ,
ಒಂದನ್ನು ಬಿಟ್ಟು.
ಬೆನ್ನಿನ ಚೀಟಿಯಲ್ಲಿ ಜಾಗ ಮುಗಿದಿದೆ.