ಮಂಗಳವಾರ, ಐದೂವರೆಗೆ

ಎಂಜಿನ್ನಿನ ನೆಲದಲ್ಲೊಂದು ಪೆಡಲ್ ಇದೆ.
ಓಡಿಸುವಷ್ಟು ಹೊತ್ತೂ ಒತ್ತಿಕೊಂಡೇ ಇರಬೇಕು.
ಕಾಲೆತ್ತಿದರೆ, ಇವನು ಸತ್ತ ಎಂದುಕೊಂಡು
ರೈಲು ತಾನೇ ನಿಂತುಬಿಡುತ್ತದೆ.
ಬ್ಯೂನಸ್ ಐರಿಸ್ಸಿನ ಪಶ್ಚಿಮದ ಹಳಿಯ ಮೇಲೆ
ಇಪ್ಪತ್ತೆರಡು ವರ್ಷ
ಬದುಕಿದ್ದೇನೆ, ಬದುಕಿದ್ದೇನೆ ಎಂದು
ಎಡಗಾಲಲ್ಲಿ ಸಾಕ್ಷಿ ಹೇಳುತ್ತ ಬಂದವನು ನಾನು.

ಜೂನ್ ತಿಂಗಳ ಮಂಜು. ಗೇಟಿನ ಪಕ್ಕದ ಸಂದಿಯಿಂದ
ಮುದುಕನೊಬ್ಬ ಸೈಕಲ್ ತಳ್ಳಿಕೊಂಡು ಬಂದ.
ಬುಟ್ಟಿಯಲ್ಲಿ ಬ್ರೆಡ್ಡು.
ಸೀಟಿ ಊದಿದೆ, ಬ್ರೇಕ್ ಹಾಕಿದೆ.
ಅವನು ತಿರುಗಿ ನೋಡಿದ,
ಯಾರೋ ಹೆಸರು ಹಿಡಿದು ಕರೆದ ಹಾಗೆ.
ಬ್ರೇಕ್ ಹಾಕಿದ ಮೇಲೂ ರೈಲಿಗೆ
ನಿಲ್ಲಲು ಇನ್ನೂರು ಮುನ್ನೂರು ಮೀಟರ್ ಬೇಕು.

ನನ್ನ ತಪ್ಪಿಲ್ಲ ಎಂದು ಬರೆದುಕೊಟ್ಟರು.
ಕಾಗದ ಮಡಚಿ ಡ್ರಾಯರಿನಲ್ಲಿಟ್ಟೆ.
ಒಂಬತ್ತನೆಯ ದಿನ ಕೆಲಸಕ್ಕೆ ಹೋದೆ.
ಚೆನ್ನಾಗಿದ್ದೀಯಾ ಅಂದರು, ಚೆನ್ನಾಗಿದ್ದೇನೆ ಅಂದೆ.
ಮನೆಗೆ ಬ್ರೆಡ್ಡು ತರುವುದು ಮಾತ್ರ ನಿಂತಿತು.
ಬೇಕರಿ ದೂರ ಎಂದು ನೆಪ ಹೇಳಿದೆ.
ಬೇಕರಿ ಇರುವುದು ನಮ್ಮ ಮೆಟ್ಟಿಲ ಕೆಳಗೆ.

ಒಂದು ರಾತ್ರಿ ಊಟದ ನಡುವೆ ಮಗಳು ಮೈತೆನಾ
ಬಿದ್ದ ಚಮಚಕ್ಕೆಂದು ಮೇಜಿನಡಿ ಬಗ್ಗಿದವಳು
ಅಲ್ಲಿಂದಲೇ ಕೇಳಿದಳು:
ಅಪ್ಪಾ, ಕಾಲಡಿ ಏನಿದೆ? ಅಷ್ಟು ಒತ್ತಿ ಹಿಡಿದಿದ್ದೀಯಲ್ಲ.

ಈ ಊರಲ್ಲಿ ಮನಸ್ಸಿನ ಡಾಕ್ಟರಿಲ್ಲದವರು ಯಾರು?
ಮಾಂಸದಂಗಡಿಯ ರೊಕೆ ಕೂಡ ಪಕ್ಕೆಲುಬು ಕಡಿಯುತ್ತ
ನಮ್ಮ ಡಾಕ್ಟರು ಏನಂತಾರೆ ಗೊತ್ತಾ ಎನ್ನುತ್ತಾನೆ.
ಕೂತು ತಿನ್ನುವವರ ಕಾಯಿಲೆ ಎಂದು ನಗುತ್ತಿದ್ದವನು
ಯೂನಿಯನ್ ಆಫೀಸಿನಲ್ಲಿ ಅರ್ಜಿ ಹಿಡಿದು ನಿಂತೆ.
ಕಾರಣ ಎಂಬ ಖಾನೆ. ಮಂಡಿನೋವು ಎಂದು ಬರೆದೆ, ಹೊಡೆದುಹಾಕಿದೆ.
ನಿದ್ದೆ ಎಂದು ಬರೆದೆ. ಅದನ್ನೂ ಹೊಡೆದೆ.
ಕೊನೆಗೆ ಬ್ರೆಡ್ಡು ಎಂದು ಬರೆದು ಕೊಟ್ಟೆ.
ಗುಮಾಸ್ತೆ ಓದಿದಳು. ಏನೂ ಕೇಳದೆ ಮುದ್ರೆ ಒತ್ತಿದಳು.

ಮೊದಲು ಸಿಕ್ಕವರು ಲೊಂಬಾರ್ದಿ.
ಅವರ ಮಂಚ ನನಗಿಂತ ಒಂದು ಗೇಣು ಗಿಡ್ಡ.
ಅವರು ಆಡುವುದಿಲ್ಲ, ನಾನೂ ಆಡುವುದಿಲ್ಲ,
ಚಾವಣಿಯ ಬಿರುಕು ನನಗೆ ಬಾಯಿಪಾಠವಾಯಿತು.
ನಾಲ್ಕನೆಯ ವಾರ ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡು ಹೋಗಿ
ನಿಂತೇ ಓದಿದೆ:
ಡಾಕ್ಟ್ರೇ, ನಿಮ್ಮ ಮೌನ ನನ್ನ ರಾತ್ರಿಪಾಳಿಯ ಹಾಗಿದೆ.
ನನಗೆ ಕೇಳುವವರು ಬೇಕು.
ಬೈಯುತ್ತಾರೆ ಅಂದುಕೊಂಡೆ. ಮೊದಲ ಸಲ ನಕ್ಕರು,
ಅದೇ ಟಿಕೆಟ್ಟಿನ ಮೇಲೆ ಒಂದು ನಂಬರು ಗೀಚಿದರು.

ಜುಲೇಮಾ ಹದಾದ್. ಕಬ್ಬಿಣದಂಗಡಿಯ ಮಹಡಿ,
ಏಲಕ್ಕಿ ಹಾಕಿದ ಕಾಫಿಯ ಘಮ.
ಬಿಡುವಿದ್ದದ್ದು ಮಂಗಳವಾರ ಐದೂವರೆಗೆ ಮಾತ್ರ.
ಮಂಗಳವಾರ ಮದುವೆ ಬೇಡ, ಪಯಣ ಬೇಡ ಎನ್ನುತ್ತಿದ್ದಳು ನಮ್ಮಜ್ಜಿ.
ಹೋಗಲಿ, ಇದು ಎರಡೂ ಅಲ್ಲವಲ್ಲ ಎಂದು ಒಪ್ಪಿಕೊಂಡೆ.

ಎರಡು ತಿಂಗಳು ಆಕೆಗೂ ಸುಳ್ಳು ಹೇಳಿದೆ.
ಸಿಗ್ನಲ್ಲು, ಸಂಬಳ, ಸತ್ತುಹೋದ ನಾಯಿ, ಎಲ್ಲ ಆಯಿತು.
ಬಸ್ಸಿನಲ್ಲಿ ವಾಪಸು ಬರುವಾಗ
ಹೇಳದೆ ಉಳಿದದ್ದನ್ನು ಟಿಕೆಟ್ಟುಗಳ ಮೇಲೆ ಗುರುತು ಹಾಕಿದೆ.
ಒಂದು ದಿನ ಅದರಲ್ಲೊಂದನ್ನು ಓದಿಯೇಬಿಟ್ಟೆ:
ಹೋದ ವಾರ ನನ್ನ ಮಾತಿನ ನಡುವೆ ನೀವು ಗಡಿಯಾರ ನೋಡಿದಿರಿ.
ಹೌದು, ನೋಡಿದೆ ಅಂದರು.
ಎತ್ತಿ ನನ್ನ ಕೈಗೇ ಕೊಟ್ಟರು.
ವೇಳಾಪಟ್ಟಿಯ ಮನುಷ್ಯ ನೀವು, ಇನ್ನು ಮೇಲೆ ನೀವೇ ನೋಡಿಕೊಳ್ಳಿ.

ಆವತ್ತು ಬ್ರೆಡ್ಡು ಬಾಯಿಗೆ ಬಂತು.
ಮುದುಕ ತಿರುಗಿದ್ದು ಬಂತು. ಆಮೇಲಿನ ಮೀಟರುಗಳು, ಒಂದೊಂದೂ.
ಏಳಲು ಹೋದರೆ ಎಡಗಾಲು ಇಲ್ಲವೇ ಇಲ್ಲ.
ಜೋಮು ಹಿಡಿದಿದೆ.
ಒತ್ತುವುದನ್ನು ಯಾವಾಗ ಬಿಟ್ಟಿತೋ ನನಗೇ ತಿಳಿಯದು.
ಮೇಜು ಹಿಡಿದು ನಿಂತೆ. ಅವಸರವಿಲ್ಲ ಅಂದರು.
ಗಡಿಯಾರ ನನ್ನ ಕೈಯಲ್ಲೇ ಇತ್ತು. ಎಂಟು ನಿಮಿಷ ತಡ.

ಆ ಗೇಟು ಬಂದರೆ ಈಗಲೂ ಸೀಟಿ ಉದ್ದವಾಗುತ್ತದೆ,
ಸುತ್ತಲಿನ ಮನೆಯವರು ಬೈಯುತ್ತಾರೆ.
ಕೆಲವು ಮಂಗಳವಾರ ಹೋಗಲಾಗದೆ
ಪ್ಲಾಟ್‌ಫಾರಮ್ಮಿನಲ್ಲೇ ಕೂತುಬಿಡುತ್ತೇನೆ.
ಮುಂದಿನ ವಾರ ಅದರದೇ ಮಾತು.

ನಿನ್ನೆ ಬೇಕರಿಗೆ ಇಳಿದೆ.
ಅರ್ಧ ಬ್ರೆಡ್ಡು ಕೊಡುತ್ತೀರಾ ಅಂದೆ.
ಅರ್ಧ ಮಾರುವುದಿಲ್ಲ ಅಂದಳು ಅಂಗಡಿಯಾಕೆ.
ನಾಳೆ ಬರುತ್ತೇನೆ ಅಂದೆ.